ಹೊಸ ಟ್ರಕ್ಕಿಗೆ ತುಕ್ಕು ಹಿಡಿಸುವ ಗೈಬುಸಾಬರು

ಬೆಳಗಿನ ಐದೂವರೆ. ಸಿಂದಗಿ ಬಸ್ ಸ್ಟ್ಯಾಂಡಿನ ಹಿಂದಿನ ಗ್ಯಾರೇಜು. ಅರ್ಧ ಎತ್ತಿದ ಶಟರ್ ಕೆಳಗೆ ಬಗ್ಗಿ ಒಳಗೆ ಕಾಲಿಟ್ಟರೆ, ಗೈಬುಸಾಬರು ನೆಲದ ಮೇಲೆ ಕೂತು ಒಂದೂವರೆ ಗೇಣುದ್ದದ ಮಿಲಿಟರಿ ಟ್ರಕ್ಕೊಂದನ್ನು ಹಳೇ ಹಲ್ಲುಬ್ರಷ್ಷಿನಿಂದ ತಿಕ್ಕುತ್ತಿದ್ದಾರೆ. ನಿನ್ನೆ ಸಂಜೆಯಷ್ಟೇ ಹಸಿರು ಹೊಡೆದ ಹೊಚ್ಚ ಹೊಸ ಟ್ರಕ್ಕು. ತಿಕ್ಕಿದಲ್ಲೆಲ್ಲ ಬಣ್ಣ ಕಿತ್ತು ಬರುತ್ತಿದೆ, ಅಡಿಯಿಂದ ತುಕ್ಕು ಇಣುಕುತ್ತಿದೆ.

“ಅಯ್ಯಯ್ಯೋ, ಹಾಳಾತಲ್ರೀ!” ಎಂದು ನಾನು ಕೂಗಿಯೇಬಿಡುತ್ತೇನೆ.

ಅವರು ತಲೆ ಎತ್ತುವುದಿಲ್ಲ. “ಹಾಳಾಗ್ಲಿ ಅಂತನ ತಿಕ್ಕಾಕತ್ತೇನ್ರಿ ಸರ. ಕೂಡ್ರಿ. ಅಲ್ಲಿ ಬ್ಯಾಡ, ಅದು ಪೆಟ್ರೋಲ್ ಟ್ಯಾಂಕರ್.”

ಕೂರಲು ಹೋದವನು ಹೌಹಾರಿ ಏಳುತ್ತೇನೆ. ಸ್ಟೂಲಿನ ಮೇಲೆ ಪುಟ್ಟ ಟ್ಯಾಂಕರ್! ಅದರ ಮುಚ್ಚಳದ ಸುತ್ತ ಎಣ್ಣೆ ಸೋರಿ ಧೂಳು ಅಂಟಿದ ಕಲೆ. ಬೆರಳಿಟ್ಟರೆ ಒಣಗಿದ ಬಣ್ಣ, ಕಣ್ಣಿಗೆ ಮಾತ್ರ ಹಸಿ ಎಣ್ಣೆ. ಆಟಿಕೆ ಮಾಡುವ ಮುದುಕರೊಬ್ಬರ ಬಗ್ಗೆ ನಾಲ್ಕು ಸಾಲು ಬರೆದು ಹತ್ತರ ಬಸ್ಸಿಗೆ ಬಿಜಾಪುರಕ್ಕೆ ಮರಳಬೇಕೆಂದು ಬಂದವನು ನಾನು. ಬಂದ ಐದು ನಿಮಿಷದಲ್ಲಿ ಎರಡು ಸಲ ಬೆಚ್ಚಿಬಿದ್ದಿದ್ದೇನೆ.

ಗೈಬುಸಾಬರಿಗೆ ಐವತ್ನಾಲ್ಕು. ಮೂವತ್ತು ವರ್ಷದಿಂದ ಲಾರಿಗಳಿಗೆ ಬಣ್ಣ ಹೊಡೆಯುವವರು. ತುಕ್ಕು ಕೆರೆದು, ಪುಟ್ಟಿ ತುಂಬಿ, ಮುದುಕಿ ಲಾರಿಯನ್ನು ಮದುಮಗಳು ಮಾಡಿ ಕಳಿಸುವುದು ಅವರ ಕಸುಬು. ಕಳೆದ ವರ್ಷ, ಅಂದರೆ ಎರಡು ಸಾವಿರದ ಇಸವಿಯಲ್ಲಿ, ಮಾಜಿ ಸೈನಿಕರ ಸಂಘದವರು ಬಂದು ತದ್ವಿರುದ್ಧ ಕೆಲಸ ಕೇಳಿದರು. ಕಾರ್ಗಿಲ್ಲಿನ ಕಡೆ ಹೋಗಿ ತೀರಿಕೊಂಡ ಈ ಭಾಗದ ಹುಡುಗರ ನೆನಪಿಗೆ ಮುದ್ದೇಬಿಹಾಳದಲ್ಲಿ ಒಂದು ಕೋಣೆ. ಅದರಲ್ಲಿ ಬೆಟ್ಟದ ದಾರಿಯ ಮಾದರಿ, ಅದರ ಮೇಲೆ ಸಾಲಾಗಿ ಹನ್ನೊಂದು ವಾಹನ. ತಗಡಿನ ಬಾಡಿಗಳನ್ನು ಇಂಡಿ ಊರಿನ ಕೆಲಸಗಾರನೊಬ್ಬ ಮಾಡಿಕೊಟ್ಟ. ಎಲ್ಲ ಫಳಫಳ ಹೊಳೆಯುತ್ತಿದ್ದವು. ಅವನ್ನು ದಾರಿ ಸವೆಸಿದ ಗಾಡಿಗಳಂತೆ ಹಳೆಯದು ಮಾಡಿಕೊಡಬೇಕು.

“ತುಕ್ಕು ಎಲ್ಲಿ ಹಿಡೀತೈತಿ ಅನ್ನೋದು ನನ್ನಷ್ಟು ಯಾರಿಗೆ ಗೊತ್ತೈತ್ರಿ?” ಎನ್ನುತ್ತಾರೆ. “ಬಾಗಲದ ಕೆಳಗ, ಬೋಲ್ಟಿನ ಸುತ್ತ, ನೀರು ನಿಲ್ಲೂ ಸಂದಿನಾಗ. ಅದನ್ನ ಮುಚ್ಚಿ ಮುಚ್ಚಿನ ಮುದುಕ ಆಗೇನಿ. ಈಗ ತೋರಸು ಅಂದ್ರು. ತೋರಸಾಕತ್ತೇನಿ.”

ಮೊದಲು ಇಡೀ ಟ್ರಕ್ಕಿಗೆ ತುಕ್ಕಿನ ಬಣ್ಣ. ಅದು ಒಣಗಿದ ಮೇಲೆ ಬೇಕಾದಲ್ಲಿ ನೀರು ಸವರಿ ಅಡುಗೆ ಉಪ್ಪು ಉದುರಿಸುವುದು. ಅದರ ಮೇಲೆ ಹಸಿರು ಸ್ಪ್ರೇ. ಮರುದಿನ ತಿಕ್ಕಿದರೆ ಉಪ್ಪಿನ ಹರಳು ಉದುರಿ, ಬಣ್ಣ ಹಾರಿದ ಜಾಗ ತಾನಾಗಿ ಕಾಣುತ್ತದೆ. ಸೈಲೆನ್ಸರಿಗೆ ಒಲೆಯ ಮಸಿ. ಧೂಳಿಗೆ ಬೂದಿ, ಸುಣ್ಣ, ಇಟ್ಟಂಗಿ ಪುಡಿ. ಒಂದು ಗಾಡಿಗೆ ಇಪ್ಪತ್ತೆಂಟು ದಿನ. ಹನ್ನೊಂದೂ ಮುಗಿದಿವೆ, ಈಗ ತಿಕ್ಕುತ್ತಿರುವುದು ನನಗೆ ತೋರಿಸಲೆಂದೇ ಬಣ್ಣ ಹೊಡೆದ ಹೆಚ್ಚಿನದೊಂದು. ಬೆಳಗಿನ ಓರೆ ಬಿಸಿಲಿನಲ್ಲಿ ಮಾತ್ರ ಧೂಳು ಸರಿಯಾಗಿ ಕಾಣುತ್ತದಂತೆ, ಹಾಗಾಗಿ ಎಂಟು ಗಂಟೆಗೆ ಈ ಕೆಲಸ ಬಂದ್. ಆಮೇಲೆ ದೊಡ್ಡ ಲಾರಿಗಳು. ಥಿನ್ನರ್ ವಾಸನೆ ಕುಡಿದು ಕುಡಿದು ಕೆಮ್ಮು ಅಂಟಿಕೊಂಡಿದೆ. ಕರೆಂಟ್ ಹೋದರೆ ಸ್ಪ್ರೇ ನಿಲ್ಲುತ್ತದೆ. ಗಾಳಿ ಬಿಟ್ಟಿತೆಂದರೆ ಸಿಂದಗಿಯ ಖರೇ ಧೂಳು ಬಂದು ಇವರ ಧೂಳಿನ ಮೇಲೆ ಕೂರುತ್ತದೆ, ಮತ್ತೆ ಮೊದಲಿಂದ ಶುರು!

ಮೊದಲನೇ ಟ್ರಕ್ಕಿನಲ್ಲಿ ಮುಖಭಂಗವೂ ಆಗಿದೆ. ರೂಢಿಬಲದಿಂದ ಗಾಲಿಗೆ ನಮ್ಮ ಕಪ್ಪು ಎರಿ ಮಣ್ಣು ಮೆತ್ತಿಬಿಟ್ಟಿದ್ದರು. ಸಂಘದ ಖಂಡೆಪ್ಪ ನೋಡಿ, “ಗೈಬಣ್ಣ, ಇದು ಬೆಟ್ಟಕ್ಕ ಹೋಗೇತೋ, ಹತ್ತಿ ಹೊಲಕ್ಕ ಹೋಗೇತೋ?” ಅಂದರಂತೆ. ಗೊಳಸಂಗಿಯ ಖಂಡೆಪ್ಪ ಅದೇ ದಾರಿಯಲ್ಲಿ ಟ್ರಕ್ ಓಡಿಸಿ ನಿವೃತ್ತರಾದ ಹವಾಲ್ದಾರರು. ಅಲ್ಲಿನ ಮಣ್ಣು ಹೇಗೆ, ಧೂಳು ಎಷ್ಟು, ಎಲ್ಲ ಅವರು ಹೇಳಿದಂತೆಯೇ ನಡೆದಿದೆ.

ಅಷ್ಟರಲ್ಲಿ ಚಹಾ ತಂದ ಗೈಬುಸಾಬರ ಹೆಂಡತಿ ಅಖ್ತರಬೇಗಂ ಬಾಯಿ ಹಾಕುತ್ತಾರೆ. “ಊರಿಗೊಂದು ದಾರಿಯಾದ್ರ ಪೋರಗೊಂದು ದಾರಿ ನೋಡ್ರಿ. ಮಂದಿ ಹಳೇದನ್ನ ಹೊಸದು ಮಾಡ್ತಾರ, ಇವ್ರು ಹೊಸದನ್ನ ಕೆಡಸ್ತಾರ. ಸಾರಿಗೆ ಹಾಕೂಣಂದ್ರ ಡಬ್ಬಿನಾಗ ಉಪ್ಪಿಲ್ಲ!”

ಎಂಟಕ್ಕೆ ಖಂಡೆಪ್ಪ ಬರುತ್ತಾರೆ. ಜೊತೆಗೆ ಲಚ್ಯಾಣದ ಹುಲಿಗೆವ್ವ, ಅರವತ್ತರ ಆಚೀಚಿನ ಹೆಣ್ಣುಮಗಳು. ಸಾಲಿನಲ್ಲಿ ನಾಲ್ಕನೆಯ ಟ್ರಕ್ಕು ಅವರ ಮಗ ಮಲ್ಲಣ್ಣನದು. ಗುಂಡು ಬಿದ್ದು ಮಲ್ಲಣ್ಣ ಆ ಟ್ರಕ್ಕಿನಲ್ಲೇ ಹೋದ. ತಾಯಿ ನೋಡಿ ಹೂಂ ಅಂದರೆ ಮಾತ್ರ ಆ ನಂಬರಿನ ಟ್ರಕ್ಕು ಕೋಣೆಗೆ ಹೋಗುವುದು, ಇಲ್ಲದಿದ್ದರೆ ಇಲ್ಲ ಎಂದು ಖಂಡೆಪ್ಪ ಮಾತು ಕೊಟ್ಟಿದ್ದಾರೆ. ಉದ್ಘಾಟನೆಗೆ ಇನ್ನು ನಾಲ್ಕೇ ದಿನ.

ಟ್ರಕ್ಕು ಮೇಜಿನ ಮೇಲೆ ತಯಾರಾಗಿ ಕೂತಿದೆ. ಚಕ್ರದಿಂದ ತಾಡಪತ್ರಿಯವರೆಗೆ ಬೂದುಬಣ್ಣದ ಧೂಳು. ಹುಲಿಗೆವ್ವ ಬಗ್ಗಿ ನೋಡುತ್ತಾರೆ. ಗೈಬುಸಾಬರು ಕುರ್ಚಿ ತರಲು ಆಚೆ ತಿರುಗುತ್ತಾರೆ, ಖಂಡೆಪ್ಪ ನನ್ನೊಡನೆ ಮಾತಿಗೆ ನಿಲ್ಲುತ್ತಾರೆ. ಈಚೆ ತಿರುಗಿ ನೋಡಿದರೆ, ಆ ತಾಯಿ ಸೆರಗಿನ ತುದಿಯನ್ನು ನೀರಿನ ಬಟ್ಟಲಿಗೆ ಅದ್ದಿ, ಟ್ರಕ್ಕನ್ನು ಗಸಗಸ ಒರೆಸುತ್ತಿದ್ದಾರೆ! ಗಾಜು ಹೋಯಿತು, ಬಾನೆಟ್ಟು ಹೋಯಿತು, ಒಂದು ಪಕ್ಕ ಪೂರಾ ಹೋಯಿತು. ಇಪ್ಪತ್ತೆಂಟು ದಿನದ ಕೆಲಸ ಸೆರಗಿಗೆ ಹತ್ತಿದೆ.

“ಏ ಯವ್ವಾ, ಏನ್ ಮಾಡಾಕತ್ತಿ!” ಖಂಡೆಪ್ಪ ಚೀರುತ್ತಾರೆ.

“ಏನ್ ಮಾಡ್ಲಿ?” ಹುಲಿಗೆವ್ವ ಒರೆಸುವುದನ್ನು ನಿಲ್ಲಿಸುವುದಿಲ್ಲ. “ಇಂಥಾ ಹೊಲಸ ಗಾಡಿ ಹೊಡಕೊಂಡು ಹೋದ ಅಂತ ತೋರಸ್ತೀರೇನು ನನ್ನ ಮಗನ್ನ? ಅವ ಮೈಗಳ್ಳ ಇದ್ದಿಲ್ಲೋ ಯಪ್ಪಾ. ದಿನಾ ಒರಸತಿದ್ದ ಅವ. ಇದನ್ನ ಇಡಬ್ಯಾಡ್ರಿ. ನಾ ಹೂಂ ಅನ್ನಂಗಿಲ್ಲ.”

ಗೈಬುಸಾಬರು ಈಗ ಸಿಡಿಯುತ್ತಾರೆ, ಸಿಡಿಯಲೇಬೇಕು, ನಾನಾಗಿದ್ದರೆ ಗ್ಯಾರೇಜೇ ಹಾರಿಹೋಗುತ್ತಿತ್ತು. ಅವರು ಕುರ್ಚಿ ತಂದಿಟ್ಟು, ಎದುರಿಗೆ ಕುಕ್ಕರಗಾಲಲ್ಲಿ ಕೂತು ಕೇಳುತ್ತಾರೆ. “ಕೂಡಬೇ ಯವ್ವಾ. ಎಲ್ಲೆಲ್ಲಿ ಒರಸತಿದ್ದ, ಅಷ್ಟು ಹೇಳು.”

ಹುಲಿಗೆವ್ವ ಕಣ್ಣೊರೆಸಿಕೊಂಡು ಹೇಳುತ್ತಾರೆ. ರಜೆಗೆ ಬಂದಾಗ ಮಲ್ಲಣ್ಣ ಕಾಕಾನ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಚಾಲೂ ಮಾಡುವ ಮೊದಲು ದೀಪ ಒರೆಸುವುದು, ಹಿಂದೆ ಹೋಗಿ ಟ್ರೇಲರಿನ ನಂಬರ್ ಒರೆಸುವುದು. ಮಿಲಿಟರಿ ಗಾಡೀದು ಗಾಜೂ ಒರೆಸುತ್ತೇನೆ ಎಂದು ಹೇಳಿದ್ದನಂತೆ. “ನಂಬರ್ ಯಾಕೋ ಅಂದ್ರ, ಹಿಂದ ಬರಾವಗ ನಾ ಕಾಣಬೇಕಲ್ಲಬೇ ಅಂತಿದ್ದ.”

“ಮೈ?”

“ಮೈ ಒರಸತಿದ್ದಿಲ್ಲ ಬಿಡು,” ತಾಯಿ ಒಪ್ಪಿಕೊಳ್ಳುತ್ತಾರೆ. “ಅಷ್ಟು ನೀರು ಎಲ್ಲೈತಿ?”

“ಮತ್ತ ನಾನ ತಪ್ಪಿದೆ,” ಎನ್ನುತ್ತಾರೆ ಗೈಬುಸಾಬರು. “ಗಾಡಿ ನೋಡಿದ್ನಿ, ಡ್ರೈವರನ್ನ ನೋಡಿದ್ದಿಲ್ಲ. ಐತವಾರ ಬಾರಬೇ. ಆಗೂ ಬ್ಯಾಡ ಅಂದ್ರ ಬ್ಯಾಡ.”

ತುಕ್ಕು ಉಳಿದಿದೆ, ಧೂಳಷ್ಟೇ ಮತ್ತೆ ಹಚ್ಚಬೇಕು; ಆ ನಾಲ್ಕು ದಿನ ಲಾರಿಗಳು ಹೊರಗೆ ಕಾದು ನಿಲ್ಲುತ್ತವೆ. ನಾನೂ ಹತ್ತರ ಬಸ್ಸು ಬಿಟ್ಟವನು ಬಿಟ್ಟೇಬಿಟ್ಟೆ.

ಐತವಾರ, ಉದ್ಘಾಟನೆಯ ದಿನ, ಮುದ್ದೇಬಿಹಾಳ. ಗೋಣಿತಾಟಿಗೆ ಪ್ಲಾಸ್ಟರ್ ಹೊಡೆದು ಮಾಡಿದ ಬೆಟ್ಟ, ಅದನ್ನು ಸುತ್ತುವ ದಾರಿ, ದಾರಿಯಲ್ಲಿ ಹತ್ತು ವಾಹನ. ನಾಲ್ಕನೆಯ ಜಾಗ ಖಾಲಿ ಇದೆ. ಗೈಬುಸಾಬರು ಟವೆಲ್ ಬಿಚ್ಚಿ ಟ್ರಕ್ಕನ್ನು ಮೇಜಿಗಿಡುತ್ತಾರೆ. ಮೈಯೆಲ್ಲ ಮತ್ತೆ ಧೂಳು. ಆದರೆ ಎದುರಿನ ಗಾಜು ಒರೆಸಿದ್ದು, ಮೂಲೆಯಲ್ಲಿ ಬಟ್ಟೆ ಮುಟ್ಟದ ಧೂಳು ಹಾಗೇ ಉಳಿದಿದೆ. ದೀಪ ಎರಡೂ ಸ್ವಚ್ಛ. ಹಿಂದುಗಡೆ ಧೂಳಿನ ನಡುವೆ ನಂಬರ್ ಪ್ಲೇಟು ಮಾತ್ರ, ಈಗಷ್ಟೇ ಯಾರೋ ಅಂಗೈಯಿಂದ ಒರೆಸಿದಂತೆ, ಸುತ್ತ ಬೆರಳಿನ ಗೆರೆಗಳ ಸಮೇತ.

ಹುಲಿಗೆವ್ವ ಬಾಯಿ ತೆರೆಯುವ ಮೊದಲೇ ಧೊಪ್ಪೆಂದು ಸದ್ದು. ಹಿಂದೆ ನಿಂತಿದ್ದ ಖಂಡೆಪ್ಪ ಗೋಡೆ ಹಿಡಿದು ನೆಲಕ್ಕೆ ಕುಸಿದಿದ್ದಾರೆ. ಆರಡಿ ಹವಾಲ್ದಾರರು!

“ಇದನ್ನ… ಇದನ್ನ ನೋಡೇನಿ ನಾ,” ಎನ್ನುತ್ತಾರೆ. “ಅವನ ಹಿಂದಿನ ಗಾಡಿ ನಂದ ಇತ್ತು, ಯವ್ವಾ. ಧೂಳಾಗ ದಾರಿ ಕಾಣತಿದ್ದಿಲ್ಲ, ಆ ನಂಬರ್ ಒಂದ ಕಾಣತಿತ್ತು. ಅದನ್ನ ಹಿಡಕೊಂಡು ಹೊಂಟಿದ್ನಿ. ಅದು ಒಮ್ಮೆಲೆ ನಿಂತದ್ದು ಕಂಡ್ತು, ಬ್ರೇಕ್ ಹೊಡದೆ. ಇಲ್ಲಂದ್ರ ನಾನೂ ಹೋಗಿ ಆ ಗುಂಡಿನಾಗ ಬೀಳ್ತಿದ್ದೆ.”

ಎರಡು ವರ್ಷ ಈ ಮನುಷ್ಯ ಇದನ್ನು ಯಾರಿಗೂ ಹೇಳಿಲ್ಲ. ಟ್ರಕ್ಕಿನ ಒಂದೊಂದು ಬೋಲ್ಟು ವಿವರಿಸಿದವರು ಇದೊಂದನ್ನು ನುಂಗಿಕೊಂಡಿದ್ದಾರೆ.

“ಯಾಕ ಹೇಳಲಿಲ್ಲೋ ಖಂಡೆಪ್ಪಾ?” ಹುಲಿಗೆವ್ವ ಕೇಳುತ್ತಾರೆ.

“ನಿನ್ನ ಮಗ ಹೋದ, ನಾ ಉಳದೆ ಅಂತ ಯಾವ ಬಾಯಿಲೆ ಹೇಳ್ಲಿ?”

ತಾಯಿ ನಂಬರ್ ಪ್ಲೇಟಿನ ಮೇಲೆ ಬೆರಳಿಡುತ್ತಾರೆ. “ಒರಸಿದ್ದನಲ್ಲ, ಮತ್ತ?”

“ಒರಸಿದ್ದ, ಯವ್ವಾ.”

ಹುಲಿಗೆವ್ವ ಎರಡೂ ಕೈಯಲ್ಲಿ ಟ್ರಕ್ಕನ್ನು ಎತ್ತಿ, ನಾಲ್ಕನೆಯ ಜಾಗದಲ್ಲಿ ತಾವೇ ಇಡುತ್ತಾರೆ. ನಾನು ನಾಚಿಕೆ ಬಿಟ್ಟು ಅತ್ತೆ. ಪೇಪರಿನವನು ಅಳಬಾರದು ಅಂತ ಎಲ್ಲಿ ಬರೆದಿದೆ?

ಗದ್ದಲ ಕಡಿಮೆಯಾದ ಮೇಲೆ, ಬೋರ್ಡಿನಲ್ಲಿ ನಿಮ್ಮ ಹೆಸರು ಬೇಡವೇ ಎಂದು ಗೈಬುಸಾಬರನ್ನು ಕೇಳುತ್ತೇನೆ. “ನನ್ನ ಹೆಸರು ಯಾಕ್ರಿ? ‘ಧೂಳು ಝಾಡಸಬ್ಯಾಡ್ರಿ’ ಅಂತ ಒಂದು ಚೀಟಿ ಹಚ್ಚಿಸಿಕೊಡ್ರಿ, ಸಾಕು. ಕಸ ಹೊಡಿಯಾಕಿ ಒಂದ ಸಲ ಒರಸೂ ಅರಬಿ ಆಡಿಸಿದ್ಲಂದ್ರ ವರ್ಷದ ಕೆಲಸ ಹೋಗ್ತೈತಿ. ಧೂಳಿನ ಮ್ಯಾಲ ವಾರ್ನಿಶ್ ಹೊಡಿಯಾಕ ಬರಂಗಿಲ್ಲ, ಹೊಳಪು ಬಂದು ಕೆಡತೈತಿ.”

ಹೊರಡುವ ಮುನ್ನ ಅವರು ಹುಲಿಗೆವ್ವನ ಹತ್ತಿರ ಹೋಗಿ ದನಿ ತಗ್ಗಿಸುತ್ತಾರೆ. “ಯವ್ವಾ, ನಂಬರ್ ಪ್ಲೇಟಿಗಿ ಮಾತ್ರ ಮೂರು ಕೋಟ್ ವಾರ್ನಿಶ್ ಹೊಡದೇನಿ. ಬಂದಾಗೊಮ್ಮೆ ಒರಸು. ಎಷ್ಟು ಒರಸಿದ್ರೂ ಹೋಗಂಗಿಲ್ಲ.”