ಸಿಲೋನ್ ದುರ್ಗಪ್ಪನ ಟೈ

ಹುಕ್ಕೇರಿಯ ಚಾದಂಗಡಿಯಲ್ಲಿ ಸಿಲೋನ್ ದುರ್ಗಪ್ಪ ಚೂರಿ, ಮುಳ್ಳುಚಮಚ ಹಿಡಿದು ಕಡಕ್ ರೊಟ್ಟಿ ಕೊಯ್ಯಲು ಹೋದ. ರೊಟ್ಟಿ ಹಾರಿ ಪಕ್ಕದಲ್ಲಿ ಕೂತಿದ್ದ ಅಣ್ಣಾಸಾಹೇಬರ ತಲೆಯ ಪಟಕಾದ ಮೇಲೆ ಕೂತಿತು. "ಸಾರಿ" ಎಂದ. ಕೊಲಂಬೊದಲ್ಲಿ ಇಂಗ್ಲಿಷ್ ದೊರೆಯೊಬ್ಬನ ಅಡುಗೆ ಮಾಡಿಕೊಂಡಿದ್ದವನು. ಆ ಪುಟ್ಟ ದ್ವೀಪವೂ ಇಂಗ್ಲಿಷರನ್ನು ಹಡಗು ಹತ್ತಿಸಿತು, ಅವರ ಟೈ ಮಾತ್ರ ಇವನ ಕೊರಳಿಗೆ ಜೋತುಬಿದ್ದಿದೆ! ಸುಡುಬಿಸಿಲಲ್ಲೂ ಕೋಟು, ಸಂಜೆಗೂ "ಗುಡ್ ಮಾರ್ನಿಂಗ್", ಮಾತಿಗೊಮ್ಮೆ "ನಮ್ಮ ಸಿಲೋನಿನ್ಯಾಗ". ನೋಡಿದರೆ ನನಗೆ ಮೈಯೆಲ್ಲ ಉರಿ. ಆದರೆ ಊರಾಚೆಯ ತನ್ನ ಕೇರಿ ಮುಟ್ಟಿದೊಡನೆ ಟೈ ಬಿಚ್ಚಿ, ಹೆಂಡತಿ ಕರೆವ್ವ ಒಗೆದಿಟ್ಟ ಧೋತರ ಉಡುತ್ತಾನಂತೆ. ಸಿಟ್ಟು ತಡೆಯದೆ ಕೇಳಿಯೇಬಿಟ್ಟೆ: "ದೇಶ ಸ್ವತಂತ್ರ ಆಗೇತಿ. ಧೋತರ ಉಟ್ಟು ಇಲ್ಲಿಗೆ ಬರಾಕ ನಾಚಿಕಿ ಏನೋ?" "ನಾಚಿಕಿ ಇಲ್ರಿ. ಸಿಲೋನಿನಿಂದ ಹೊಸದಾಗಿ ಬಂದಾಗ ಈ ಅಂಗಡಿಗೆ ಧೋತರದಾಗ ಬಂದಿದ್ದೆ. ನಮ್ಮ ಕೇರಿಯವ ಅಂತ ಹೊರಗ ನಿಂದ್ರಿಸಿ ತೆಂಗಿನ ಚಿಪ್ಪಿನ್ಯಾಗ ಚಾ ಹೊಯ್ದ್ರು. ಟೈ ಕಟ್ಟಿದ್ದಕ್ಕ ಕುರ್ಚಿ ಕೊಟ್ಟಾರ."