ಹತ್ತು ಬೆರಳಿನ ಬಕೆಟ್ಟಕ್ಕ

ಬಾಣಬಿರುಸು ಹವ್ಯಾಸಿಗಳ ಸಂಘದಲ್ಲಿ ಆಕೆಯನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಬಕೆಟ್ಟಕ್ಕ ಎಂದರೆ ಸಾಕಿತ್ತು. ಹೊಸದಾಗಿ ಸೇರಿದವರಿಗೆ ಮೊದಲ ಪಾಠ ಹೇಳುವುದು ಆಕೆಯ ಕೆಲಸ. ಆ ಪಾಠ ಎರಡು ಬಕೆಟ್ ನೀರು, ಒಂದು ಬಕೆಟ್ ಮರಳು ತುಂಬಿಸುವುದರಿಂದ ಶುರುವಾಗುತ್ತಿತ್ತು. ನೀರು ತರುವ ಮೊದಲೇ ಬೆಂಕಿಪೊಟ್ಟಣ ಮುಟ್ಟಿದವನನ್ನು ಮೈದಾನದಿಂದ ಆಚೆ ಕಳಿಸಿದ್ದೂ ಉಂಟು.

ವಾರದ ಆರು ದಿನ ಆಕೆ ಲಿಫ್ಟ್ ಮೆಕ್ಯಾನಿಕ್. ಎತ್ತರದ ಕಟ್ಟಡಗಳ ಕತ್ತಲೆ ಗುಂಡಿಯಲ್ಲಿ ನಿಂತು, ಗ್ರೀಸ್ ಮೆತ್ತಿದ ಕೈಯಿಂದ ಬ್ರೇಕು, ಉಕ್ಕಿನ ಹಗ್ಗ, ಬಾಗಿಲ ಸ್ವಿಚ್ಚು ನೋಡುವ ಕೆಲಸ. ಇಡೀ ವಾರ ಕತ್ತೆತ್ತಿದರೆ ಕಾಣುವುದು ಕಾಂಕ್ರೀಟು. ಶನಿವಾರ ಸಂಜೆಯಾದರೂ ಕತ್ತೆತ್ತಿದಾಗ ಬಣ್ಣ ಕಾಣಲಿ ಎಂಬ ಆಸೆಯಿಂದ ಸಂಘಕ್ಕೆ ಸೇರಿದ್ದಳು. ಸೇರಿ ಆರು ವರ್ಷವಾಗಿತ್ತು. ಪಾಠ ಹೇಳುವುದು ಗಂಟುಬಿದ್ದ ಮೇಲೆ ಕತ್ತೆತ್ತಿ ನೋಡಲು ಪುರಸೊತ್ತೇ ಇರಲಿಲ್ಲ. ಕಣ್ಣೆಲ್ಲ ಬೇರೆಯವರ ಕೈಮೇಲೆ.

ಆಕೆಗಿಂತ ಮೊದಲು ಆ ಪಾಠ ಹೇಳುತ್ತಿದ್ದವರು ಒಬ್ಬ ಮೇಷ್ಟ್ರು. ಬಾಣಬಿರುಸು ಸಿಡಿದು ಅವರ ಬಲಗೈಯ ಹೆಬ್ಬೆರಳೂ ತೋರುಬೆರಳೂ ಹೋಗಿದ್ದವು. ಉಳಿದ ಮೂರು ಬೆರಳಿನ ಕೈಯನ್ನು ಅವರು ಎತ್ತಿದರೆ ಸಾಕು, ಕೋಣೆ ಗಪ್‌ಚುಪ್. ಅವರು ಬಿಟ್ಟ ಮೇಲೆ ಬಂದ ಬಕೆಟ್ಟಕ್ಕನಿಗೆ ಹತ್ತು ಬೆರಳೂ ನೆಟ್ಟಗಿದ್ದವು. ಅದೇ ಆಕೆಯ ದೊಡ್ಡ ಕೊರತೆಯಾಯಿತು.

"ಮೇಡಂ, ನಿಮಗೆ ಒಂದ್ಸಲಾನೂ ಏನೂ ಆಗಿಲ್ವಾ?" ಎಂದು ಹೊಸ ತಂಡದ ಹಲ್ಲಿನ ಡಾಕ್ಟರು ಮೊದಲ ದಿನವೇ ಕೇಳಿದ.

"ಇಲ್ಲ."

"ಹಾಗಾದ್ರೆ ಅಂಥ ಅಪಾಯ ಏನಿಲ್ಲ ಅನ್ನಿ."

ಹಿಂದಿನ ಸಾಲಿನವರು ಕಿಸಕ್ಕೆಂದರು. ಆಕೆ ಹಲ್ಲು ಕಚ್ಚಿಕೊಂಡು ಪಾಠ ಮುಂದುವರಿಸಿದಳು. ಹತ್ತಿಬಟ್ಟೆಯನ್ನೇ ಹಾಕಿಕೊಳ್ಳಿ, ನೈಲಾನ್ ಕರಗಿ ಚರ್ಮಕ್ಕೆ ಅಂಟುತ್ತದೆ. ಕಣ್ಣಿಗೆ ಕನ್ನಡಕ. ಬಾಣ ಹಾರಿಸುವ ಕೊಳವೆಯ ಮೇಲೆ ಮುಖ ಬಗ್ಗಿಸಬೇಡಿ. ಅಂಗಡಿಯಿಂದ ತಂದದ್ದನ್ನು ಬಿಚ್ಚಿ ಮದ್ದು ಕೂಡಿಸುವ ಜಾಣತನ ಬೇಡ. ಕುಡಿದು ಬರಬೇಡಿ. ಹೊತ್ತಿಸಿದ್ದು ಹಾರದಿದ್ದರೆ ಹತ್ತಿರ ಹೋಗಬೇಡಿ. ಅರ್ಧ ಗಂಟೆ ದೂರ ನಿಂತು, ಆಮೇಲೆ ನೀರು ಸುರಿದು, ಬಕೆಟ್ಟಿನಲ್ಲಿ ಮುಳುಗಿಸಿಡಿ. ಡಾಕ್ಟರು ಗಡಿಯಾರ ನೋಡುತ್ತಿದ್ದ.

ಮುಂದಿನ ಶನಿವಾರ ಸಂಜೆ ಮೈದಾನದಲ್ಲಿ ಹೊಸಬರ ಸರದಿ. ಡಾಕ್ಟರು ತನ್ನ ಕೊಳವೆಯನ್ನು ಮರಳಿನಲ್ಲಿ ಹೂತು, ಕೈಚಾಚಿ ಬತ್ತಿಗೆ ಕಿಡಿ ಮುಟ್ಟಿಸಿ, ದೂರ ಓಡಿದ. ಅಲ್ಲಿಯವರೆಗೆ ಎಲ್ಲ ಸರಿ. ಬತ್ತಿ ಸುರ್ರೆಂದು ಕೊಳವೆಯೊಳಗೆ ಹೋಯಿತು, ಆಮೇಲೆ ಸದ್ದಿಲ್ಲ. ಎರಡು ನಿಮಿಷ ಕಳೆಯಿತು. "ಆರಿಹೋಯ್ತು" ಎನ್ನುತ್ತ ಡಾಕ್ಟರು ಕೊಳವೆಯ ಕಡೆ ನಡೆದೇಬಿಟ್ಟ.

ಬಕೆಟ್ಟಕ್ಕ ಕೂಗಲಿಲ್ಲ. ಓಡಿದಳು. ಹಿಂದಿನಿಂದ ಅವನ ಕಾಲರ್ ಹಿಡಿದು ಎಳೆದ ರಭಸಕ್ಕೆ ಅಂಗಿಯ ಎರಡು ಗುಂಡಿ ಹಾರಿ ಹುಲ್ಲಿಗೆ ಬಿದ್ದವು, ಡಾಕ್ಟರು ಕುಂಡಿ ಮೇಲೆ ಕುಳಿತ.

"ಏನ್ ಮೇಡಂ ಇದು!"

"ಅರ್ಧ ಗಂಟೆ. ಯಾರೂ ಅಲ್ಲಾಡಬೇಡಿ."

ತುಂತುರು ಶುರುವಾಯಿತು. ಹನ್ನೆರಡು ಜನ ಒದ್ದೆಯಾಗುತ್ತ ನಿಂತರು. ಒಬ್ಬಳು ಬಸ್ಸು ತಪ್ಪಿತೆಂದು ಗೊಣಗಿದಳು. ಬಕೆಟ್ಟಕ್ಕ ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದಳು: ಸಿಡಿಯೇ, ಒಂದೇ ಒಂದು ಸಲ ಸಿಡಿ, ಇವರ ಕಣ್ಣೆದುರೇ ಸಿಡಿ. ಸಿಡಿಯಲಿಲ್ಲ. ಅರ್ಧ ಗಂಟೆಯಾದ ಮೇಲೆ ಉದ್ದ ಹಿಡಿಯ ಮಗ್ಗಿನಿಂದ ನೀರು ಸುರಿದಳು. ಕೊಳವೆ ಬೆಕ್ಕಿನ ಮರಿಯಂತೆ ತೆಪ್ಪಗಿತ್ತು.

"ನಾನು ಆಗಲೇ ಹೇಳಿದ್ನಲ್ಲ" ಎಂದ ಡಾಕ್ಟರು.

ಎರಡು ದಿನಕ್ಕೆ ಸಂಘದ ಅಧ್ಯಕ್ಷರಿಂದ ಕರೆ ಬಂತು. ಅವರದು ಪೀಠೋಪಕರಣದ ಅಂಗಡಿ. ಪಾಲಿಶ್ ವಾಸನೆಯ ಸೋಫಾ ಮೇಲೆ ಕೂರಿಸಿ, ಬೆಣ್ಣೆ ಹಚ್ಚಿದ ದನಿಯಲ್ಲಿ ಹೇಳಿದರು: "ನೋಡಮ್ಮ, ನೀನು ಮಾಡಿದ್ದು ತಪ್ಪು ಅಂತಲ್ಲ. ಆದ್ರೆ ಜನ ಖುಷಿಗೆ ಬರ್ತಾರೆ. ಪಾಠ ಒಂದ್ಹತ್ತು ನಿಮಿಷಕ್ಕೆ ಮುಗಿಸು. ಇಲ್ಲಾಂದ್ರೆ ಹಳೇ ಮೇಷ್ಟ್ರನ್ನೇ ಕರೆದುಬಿಡೋಣ. ಅವರ ಮಾತು ಎಲ್ಲರೂ ಕೇಳ್ತಿದ್ರು."

"ಹತ್ತು ನಿಮಿಷ ನಿಮ್ಮ ಬಾಣಬಿರುಸುಗಳ ಹೆಸರು ಹೇಳೋಕೂ ಸಾಲಲ್ಲ ಸಾರ್" ಎಂದಳು. ಮನೆಗೆ ಬಂದು ಪಾತ್ರೆಗಳನ್ನು ಧಡಧಡ ಎತ್ತಿಡತೊಡಗಿದಾಗ ಗಂಡ, "ಪಾತ್ರೆ ಏನು ಪಾಪ ಮಾಡಿದ್ವು? ಬಿಟ್ಟುಬಿಡೇ ಆ ಪಾಠ. ಯಾರ್ ಹೇಗಾದ್ರೂ ಹಾಳಾಗ್ಲಿ" ಎಂದ.

"ಬಿಟ್ರೆ ನಿದ್ದೆ ಬರಬೇಕಲ್ಲ."

ಕಡೆಗೆ ಆಕೆ ತಾನೇ ಮೇಷ್ಟ್ರ ಮನೆಗೆ ಹೋದಳು. ನೀವೇ ಬಂದು ಹೇಳಿ, ನನ್ನ ಕೈಲಾಗದು ಎನ್ನಲು. ಮೇಷ್ಟ್ರು ಎಲ್ಲಿಗೋ ಹೊರಡುವ ತಯಾರಿಯಲ್ಲಿದ್ದರು. ಅವರ ಹೆಂಡತಿ ಎದುರು ನಿಂತು ಅಂಗಿಯ ಗುಂಡಿ ಒಂದೊಂದಾಗಿ ಹಾಕುತ್ತಿದ್ದರು. ಮೇಷ್ಟ್ರು ಗಲ್ಲ ಎತ್ತಿ ಚಾವಣಿ ನೋಡುತ್ತಿದ್ದರು. ಸಂಘದಲ್ಲಿ ಅಷ್ಟು ಗತ್ತಿನ ಮನುಷ್ಯ ಹೀಗೆ ನಿಂತದ್ದನ್ನು ಆಕೆ ಕಂಡಿರಲಿಲ್ಲ.

"ನನ್ನ ಮಾತು ಕೇಳ್ತಿದ್ರು ಅಂದ್ಕೊಂಡಿದೀಯಾ ತಂಗಿ?" ಎಂದರು, ಆಕೆ ಬಂದ ವಿಷಯ ಹೇಳಿದ ಮೇಲೆ. "ಕೈ ನೋಡ್ತಿದ್ರು ಅಷ್ಟೇ. ಹೇಗಾಯ್ತು, ಎಷ್ಟು ರಕ್ತ ಬಂತು, ಬೆರಳು ಸಿಕ್ತಾ. ಬರೀ ಇದೇ. ನಾನೂ ಉಪ್ಪುಖಾರ ಹಚ್ಚಿ ಹೇಳ್ತಿದ್ದೆ. ನನ್ನ ಪಾಠ ಕೇಳಿದವನೊಬ್ಬ ಅದೇ ವಾರ ಆರಿದ ಬತ್ತಿಗೆ ಮತ್ತೆ ಕಿಡಿ ಮುಟ್ಟಿಸೋಕೆ ಹೋಗಿದ್ದ. ಅವತ್ತೇ ಬಿಟ್ಟೆ."

"ಮತ್ತೆ ನಾನೇನು ಮಾಡ್ಲಿ ಅಣ್ಣಾ?"

"ನಂಗೊತ್ತಿದ್ರೆ ನಾನೇ ಮಾಡ್ತಿರಲಿಲ್ವಾ?"

ಅವರ ಹೆಂಡತಿ ಮಾತ್ರ, ತೋಳಿನ ಗುಂಡಿ ಹಾಕುತ್ತ, ತಲೆಯೆತ್ತದೆ ಹೇಳಿದರು: "ಹತ್ತೊಂಬತ್ತು ವರ್ಷದಿಂದ ಹಾಕ್ತಿದೀನಿ. ಈ ಕಥೆ ಯಾರೂ ಕೇಳಲ್ಲ."

ಮರು ಶನಿವಾರ ಬಕೆಟ್ಟಕ್ಕ ಪಾಠದ ಕೋಣೆಗೆ ಬಂದದ್ದು ಅಗಲದ ಅಂಟುಟೇಪಿನ ಸುರುಳಿ ಹಿಡಿದುಕೊಂಡು. ಒಬ್ಬೊಬ್ಬರ ಬಲಗೈಯ ಹೆಬ್ಬೆರಳನ್ನೂ ತೋರುಬೆರಳನ್ನೂ ಅಂಗೈಗೆ ಮಡಚಿ ಸುತ್ತಿದಳು. "ಈಗ ಅಂಗಿ ಗುಂಡಿ ಬಿಚ್ಚಿ ಹಾಕಿ. ಬೂಟಿನ ಲೇಸು ಕಟ್ಟಿ. ಬೀಗ ತೆಗೆದು ನೀರು ತನ್ನಿ. ಅಲ್ಲೀವರೆಗೂ ಪಾಠ ಇಲ್ಲ."

ಮೊದಲ ಐದು ನಿಮಿಷ ನಗೆಯೋ ನಗೆ. ಆಮೇಲೆ ಗೊಣಗಾಟ. ಒಬ್ಬ ಟೇಪು ಕಿತ್ತೆಸೆದು ಎದ್ದುಹೋದ. ಬಸ್ಸು ತಪ್ಪಿಸಿಕೊಂಡಿದ್ದವಳು ಲೇಸು ಕಟ್ಟಲಾಗದೆ ಬಾಯಲ್ಲಿ ಕಚ್ಚಿ ನೋಡಿದಳು, ಅದೂ ಆಗದೆ ಸುಮ್ಮನೆ ಕುಳಿತಳು. ಡಾಕ್ಟರು ಜೇಬಿನಿಂದ ಪೆನ್ನು ತೆಗೆದು, ರೋಗಿಯ ಬಾಯಿಗೆ ಕನ್ನಡಿ ಹಿಡಿಯುವಂತೆ ಹಿಡಿಯಲು ಹೋದ. ಬಿತ್ತು. ಎತ್ತಿಕೊಂಡ. ಮತ್ತೆ ಬಿತ್ತು. ಎರಡನೆಯ ಸಲ ಎತ್ತಲು ಹೋಗಲಿಲ್ಲ.

ಈಗಲಾದರೂ ತಲೆಗೆ ಹೋಯಿತು ಎಂದು ಆಕೆಗೆ ಸಮಾಧಾನವಾಗುವಷ್ಟರಲ್ಲಿ ಅವನು ಕೇಳಿದ: "ಅದೆಲ್ಲ ಸರಿ ಮೇಡಂ. ಆದ್ರೂ ಅರ್ಧ ಗಂಟೆ ಜಾಸ್ತಿ ಆಯ್ತಲ್ವಾ? ಹದಿನೈದು ನಿಮಿಷ ಸಾಲಲ್ವಾ?"

ಆಕೆ ಹಣೆ ಚಚ್ಚಿಕೊಂಡಳು.

ಅಧ್ಯಕ್ಷರಿಗೆ ಟೇಪಿನ ವಿಷಯ ತಿಳಿದು ಮತ್ತೆ ಕರೆ ಬಂತು. ಆಕೆ ಹೋಗಲಿಲ್ಲ. ಬೇರೆ ಯಾರೂ ಪಾಠ ಹೇಳಲು ಮುಂದೆ ಬಾರದ್ದರಿಂದ ಕೆಲಸ ಆಕೆಯ ಕೊರಳಿಗೇ ಉಳಿಯಿತು.

ತಿಂಗಳ ಮೇಲೆ ಒಂದು ಸಂಜೆ ಡಾಕ್ಟರ ಇನ್ನೊಂದು ಕೊಳವೆ ಹಾರದೆ ಕೈಕೊಟ್ಟಿತು. ಆಕೆ ಮೈದಾನದ ಇನ್ನೊಂದು ತುದಿಯಲ್ಲಿದ್ದಳು, ಓಡಿದರೂ ಮುಟ್ಟುವಂತಿರಲಿಲ್ಲ. ಡಾಕ್ಟರು ಒಂದು ಹೆಜ್ಜೆ ಮುಂದಿಟ್ಟ, ನಿಂತ, ಹಿಂದೆ ಸರಿದ. ಗಡಿಯಾರ ನೋಡಿಕೊಂಡು ದೊಡ್ಡ ದನಿಯಲ್ಲಿ ಬೈಯತೊಡಗಿದ. ಆಕೆಯನ್ನೂ, ಆಕೆಯ ಬಕೆಟ್ಟನ್ನೂ, ಆ ಟೇಪನ್ನೂ. ಪೂರ್ತಿ ಮೂವತ್ತು ನಿಮಿಷ ಬೈದ. ಕಾಲು ನೋಯುತ್ತಿದ್ದರೂ ಬಕೆಟ್ಟಕ್ಕ ಮಗ್ಗು ಹಿಡಿದು ಬಂದು ಅವನ ಪಕ್ಕದಲ್ಲೇ ನಿಂತು, ಅಷ್ಟನ್ನೂ ಕೇಳಿಸಿಕೊಂಡಳು.