ಫೋಟೊಗಳಿಗೆ ನಾಮಕರಣ ಮಾಡುವ ಪಾಲಾಕ್ಷ

ತಿಪಟೂರಿನ ಅಂಗಡಿಗಳ ಫೋಟೊಗಳು ಗೂಗಲ್‌ನಲ್ಲಿ ಹುಡುಕಿದವರ ಕಣ್ಣಿಗೆ ಬೀಳುವಂತೆ ಮಾಡುವುದೇ ಪಾಲಾಕ್ಷನ ಕಸುಬು. ಹೆಸರಿಲ್ಲದ ಫೋಟೊ ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತದೆ. "ಬರೀ ಕ್ಯಾಮೆರಾ ಕೊಟ್ಟ ನಂಬರ್ ಹಾಕಿ ಬಿಟ್ರೆ, ಇದು ಕೊಬ್ಬರಿ ಅಂತ ಗೂಗಲ್‌ಗೇನ್ ಕನಸು ಬೀಳುತ್ತಾ ಕಣ್ರೀ?" ಎಂದು ಬೈಯುತ್ತಲೇ, ತೊಟ್ಟಿಲ ಶಾಸ್ತ್ರದ ಶ್ರದ್ಧೆಯಿಂದ ಒಂದೊಂದಕ್ಕೂ ಹೆಸರಿಡುತ್ತಾನೆ, ಗಿರಾಕಿಗೆ ಕಾಣದ, ಗೂಗಲ್ ಮಾತ್ರ ಓದುವ ವಿವರಣೆಯನ್ನೂ ಬರೆಯುತ್ತಾನೆ. ಅಂಗಡಿಯವರೋ, ಲೋಕವೆಲ್ಲ ನೋಡಲಿ ಎಂದು ಇವನನ್ನು ಕರೆಸಿ, ದೃಷ್ಟಿಯಾದೀತೆಂದು ಮಾಲಿನ ಮುಂದೆಯೇ ಬೂದುಗುಂಬಳ ತೂಗುಹಾಕಿರುತ್ತಾರೆ. ಸರಕು ತೋರಿಸಿ ಎಂದರೆ ಹಾರ ಹಾಕಿದ ತಾತನ ಪಟ ತೋರಿಸುತ್ತಾರೆ. "ತಾತನ್ನ ಯಾರು ಕೊಂಡ್ಕೊತಾರೆ ಸ್ವಾಮಿ?" ಎನ್ನುತ್ತಾನೆ ಪಾಲಾಕ್ಷ. ಮೊನ್ನೆ ಕೊಬ್ಬರಿ ಮಂಡಿಯ ರುದ್ರಸ್ವಾಮಿ, ಫೋಟೊದಲ್ಲಿ ಚಿಪ್ಪು ಬಿಡಿಸುತ್ತ ಕೂತಿದ್ದ ಶೆಟ್ಟಿಕೆರೆಯ ಹೊನ್ನಮ್ಮನತ್ತ ಬೆರಳು ಮಾಡಿ, "ಆವಮ್ಮನ್ನ ಕತ್ತರಿಸಿ ಬುಡು, ಕೊಬ್ಬರಿ ಒಂದೇ ಇರ್ಲಿ" ಎಂದ. ಒಳಗಿನ ಕೊಬ್ಬರಿ ಉಂಡೆ ಸೀಳದಂತೆ ಚಿಪ್ಪು ಒಡೆಯುವುದರಲ್ಲಿ ಇಪ್ಪತ್ತು ವರ್ಷ ಪಳಗಿದ ಕೈ ಅವಳದು. ಫೋಟೊ ಎಂದು ಸೆರಗನ್ನೂ ಸರಿಮಾಡಿಕೊಂಡಿದ್ದಳು. "ಬುಡಪ್ಪ, ನನ್ ಮುಖ ನೋಡಿ ಯಾರೇನ್ ತಗಂಡಾರು" ಎಂದು ಅಲ್ಲೇ ಕೂತಿದ್ದವಳು ನಕ್ಕಳು. ಪಾಲಾಕ್ಷ ನಗಲಿಲ್ಲ. ಹೇಳಿದಂತೆ ಕತ್ತರಿಸಿದ, ಕಾಣದ ವಿವರಣೆಯಲ್ಲಿ ಮಾತ್ರ "ತಿಪಟೂರು ಉಂಡೆ ಕೊಬ್ಬರಿ, ಚಿಪ್ಪು ಬಿಡಿಸಿದವರು ಶೆಟ್ಟಿಕೆರೆ ಹೊನ್ನಮ್ಮ" ಎಂದು ಬರೆದ. ಈಗ ಹೊನ್ನಮ್ಮನ ಹೆಸರು ಹಾಕಿ ಹುಡುಕಿದರೂ ಆ ಕೊಬ್ಬರಿಯೇ ಬರುತ್ತದೆ. ರುದ್ರಸ್ವಾಮಿಗೆ ಇದು ಗೊತ್ತಾಗುವ ಭಯವೇನಿಲ್ಲ; ಅವನು ದಿನವೂ ಹುಡುಕಿ ನೋಡುವುದು ತನ್ನ ಹೆಸರೊಂದನ್ನೇ.